ದಾದಿಯ ಕಾರ್ಡು ಮತ್ತು ಹಾಫ್ಕಿನ್ ಸಾಹೇಬರು

ಹೋದ ವರ್ಷ ನಮ್ಮ ದಾದಿ ಮತ್ತು ಅಬ್ಬಾ ಹಜ್ ಯಾತ್ರೆಗೆ ಆಯ್ಕೆಯಾದಾಗ ಮನೆಯಲ್ಲಿ ಹಬ್ಬದ ಸಂಭ್ರಮ. ಅದಕ್ಕೊಂದು ಕಾರಣವಿತ್ತು. ನಮ್ಮ ದಾದಾ 2020ರಲ್ಲೇ ಹೋಗಬೇಕಿತ್ತು. ಹಣ ಕಟ್ಟಿ, ಪಾಸ್‌ಪೋರ್ಟ್ ಒಪ್ಪಿಸಿ, ಎಹ್ರಾಮಿನ ಬಿಳಿ ಬಟ್ಟೆ ಕೂಡ ತಂದಿಟ್ಟುಕೊಂಡಿದ್ದರು. ಆ ವರ್ಷ ಕೊರೊನಾ ಬಂತು. ಸೌದಿ ಸರ್ಕಾರ ಹೊರದೇಶದವರನ್ನು ಕರೆಸಿಕೊಳ್ಳದೆ, ತನ್ನ ನೆಲದಲ್ಲೇ ಇದ್ದ ಸುಮಾರು ಒಂದು ಸಾವಿರ ಜನರೊಂದಿಗೆ ಹಜ್ ನಡೆಸಿತು. ಮರುವರ್ಷ 60,000 ಜನ, ಅವರೂ ಅಲ್ಲೇ ಇದ್ದವರು, ಲಸಿಕೆ ಹಾಕಿಸಿಕೊಂಡವರು. 2022ರಲ್ಲಿ ಹೊರಗಿನವರಿಗೆ ಬಾಗಿಲು ತೆರೆಯುವ ಹೊತ್ತಿಗೆ ದಾದಾ ಇರಲಿಲ್ಲ. ಆ ಬಟ್ಟೆ ಇನ್ನೂ ದಾದಿಯ ಟ್ರಂಕಿನಲ್ಲಿದೆ.

ಹಾಗಾಗಿ ಈ ಸಲ ಏನೂ ತಪ್ಪಿಹೋಗಬಾರದು ಎಂದು ಎಲ್ಲರೂ ಎಚ್ಚರವಾಗಿದ್ದೆವು. ಅಷ್ಟರಲ್ಲಿ ಎಡವಟ್ಟಾಯಿತು. ಹಜ್ ತರಬೇತಿಗೆ ಹೋಗಿ ಬಂದ ಅಬ್ಬಾ, ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡು ಅದರ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಬೇಕು, ಅದಿಲ್ಲದೆ ಹೋಗಲಾಗುವುದಿಲ್ಲ ಎಂದು ತಿಳಿಸಿದರು. ದಾದಿ ಒಪ್ಪಲಿಲ್ಲ. ಅಲ್ಲಾಹನ ಮನೆಗೆ ಹೋಗುವವರಿಗೆ ಸೂಜಿ ಏಕೆ ಎಂಬುದು ಅವರ ಮೊದಲ ಪ್ರಶ್ನೆ. ಆ ಮದ್ದಿನಲ್ಲಿ ಏನು ಹಾಕಿರುತ್ತಾರೆ, ಯಾವ ಪ್ರಾಣಿಯದ್ದು ಎಂಬುದು ಎರಡನೆಯದು. ಹಾಕಿಸಿಕೊಂಡ ಮೇಲೆ ಜ್ವರ ಬಂದು ಮಲಗಿದರೆ ದಾದಾನ ಹಾಗೆ ನಾನೂ ಇಲ್ಲೇ ಉಳಿದುಬಿಡುತ್ತೇನೆ ಎಂಬ ಹೆದರಿಕೆ ಮೂರನೆಯದು. ನಿಜವಾದ ಕಾರಣ ಆ ಮೂರನೆಯದೇ ಎಂದು ನನಗೆ ಆಮೇಲೆ ತಿಳಿಯಿತು.

ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತೀಯಲ್ಲ, ದಾದಿಗೆ ನೀನೇ ತಿಳಿಸಿ ಹೇಳು ಎಂದು ಅಬ್ಬಾ ನನ್ನ ತಲೆಗೆ ಕಟ್ಟಿದರು. ನಾನು ಪಠ್ಯಪುಸ್ತಕದಲ್ಲಿದ್ದ ಆ್ಯಂಟಿಜನ್, ಆ್ಯಂಟಿಬಾಡಿ ಎಲ್ಲ ಹೇಳಿದೆ. ದಾದಿ ಕೇಳಿಸಿಕೊಂಡು, ಚಹಾ ಲೋಟ ಕೆಳಗಿಟ್ಟು, ನಮಾಜಿಗೆ ಎದ್ದುಹೋದರು. ನಾನು ಪೂರ್ತಿ ಸೋತಿದ್ದೆ.

ಮರುದಿನ ಜೀವಶಾಸ್ತ್ರದ ಮೇಡಂಗೆ ಇದನ್ನು ಹೇಳಿದೆ. ಅವರು ನಕ್ಕು, ಲಸಿಕೆಯ ವಿಷಯ ಬಿಟ್ಟು ಮೊದಲು ಒಬ್ಬ ಮನುಷ್ಯನ ವಿಷಯ ಓದು ಎಂದು ಒಂದು ಹೆಸರು ಬರೆದುಕೊಟ್ಟರು. ವಾಲ್ಡೆಮಾರ್ ಹಾಫ್ಕಿನ್. ನಮ್ಮ ಪುಸ್ತಕದಲ್ಲಿ ಜೆನ್ನರ್ ಇದ್ದಾರೆ, ಪಾಶ್ಚರ್ ಇದ್ದಾರೆ, ಇವರಿಲ್ಲ. ನಾನು ಓದಿ ತಿಳಿದದ್ದನ್ನು ದಾದಿಗೆ ನಾಲ್ಕೈದು ರಾತ್ರಿ ಊಟವಾದ ಮೇಲೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೆ ಮುಂಚೆ ಇನ್ನೊಂದು ಕಾರ್ಡಿನ ಮಾತು. ಕಮಲಾಪುರದಲ್ಲಿರುವ ನನ್ನ ಮಾಮು ಹಂಪಿಯಲ್ಲಿ ಆಟೋ ಓಡಿಸುತ್ತಾರೆ. ಒಮ್ಮೆ ಬ್ರೆಜಿಲ್ ದೇಶದ ಪ್ರವಾಸಿಯೊಬ್ಬರು ವಿಜಯ ವಿಠ್ಠಲ ದೇವಸ್ಥಾನದ ಹತ್ತಿರ ಇಳಿಯುವಾಗ ಒಂದು ಹಳದಿ ಪುಸ್ತಿಕೆಯನ್ನು ಸೀಟಿನಲ್ಲೇ ಮರೆತಿದ್ದರಂತೆ. ಮಾಮು ಓಡಿಹೋಗಿ ಕೊಟ್ಟಾಗ, ಪರ್ಸು ಸಿಕ್ಕಿದ್ದರೂ ಅಷ್ಟು ಸಂತೋಷಪಡುತ್ತಿರಲಿಲ್ಲ ಎನ್ನುವಷ್ಟು ಖುಷಿಪಟ್ಟರಂತೆ. ಅದು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ದೇಶಗಳಿಂದ ಭಾರತಕ್ಕೆ ಬರುವವರು ಅದನ್ನು ತೋರಿಸಲೇಬೇಕು. ತೋರಿಸದಿದ್ದರೆ 6 ದಿನದವರೆಗೆ ಬೇರೆ ಇರಿಸುತ್ತಾರೆ. ಲಸಿಕೆ ಹಾಕಿಸಿಕೊಂಡ ಹತ್ತನೆಯ ದಿನದಿಂದ ಆ ಪತ್ರಕ್ಕೆ ಬೆಲೆ ಬರುತ್ತದೆ. 2016ರ ಜುಲೈನಿಂದ ಅದು ಜೀವನಪೂರ್ತಿ ನಡೆಯುತ್ತದೆ. ನಮ್ಮ ದೇಶ ಈ ವಿಷಯದಲ್ಲಿ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣ ಸರಳ. ಹಳದಿ ಜ್ವರ ನಮ್ಮಲ್ಲಿಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿದೆ. ಮಳೆಗಾಲದಲ್ಲಿ ನಮಗೆಲ್ಲ ಡೆಂಗ್ಯೂ ತರುವ ಸೊಳ್ಳೆಯೇ ಅದು.

ಅಂದರೆ ಒಳಗೆ ಬರುವವರನ್ನು ನಾವು ಕೇಳುತ್ತೇವೆ, ನಾವು ಹೊರಗೆ ಹೋದರೆ ಅವರು ಕೇಳುತ್ತಾರೆ. ದಾದಿಗೆ ಇದನ್ನು ಹೇಳಿದಾಗ, ಹಂಪಿ ನೋಡಲು ಬರುವವರಿಗೂ ಕಾರ್ಡು ಬೇಕಾ ಎಂದು ಸ್ವಲ್ಪ ಆಶ್ಚರ್ಯಪಟ್ಟರು. ಅಲ್ಲಿಂದ ಕಥೆ ಕೇಳಲು ಕೂತರು.

ಹಾಫ್ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ. ಆಗ ಅದು ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಈಗ ಉಕ್ರೇನಿನಲ್ಲಿದೆ. ಯಹೂದಿ ಕುಟುಂಬ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೆಕ್ನಿಕಾಫ್ ಎಂಬ ದೊಡ್ಡ ವಿಜ್ಞಾನಿಯ ಕೈಕೆಳಗೆ ಪ್ರಾಣಿಶಾಸ್ತ್ರ ಓದಿದರು. ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂದು ನಾವು ಓದುತ್ತೇವಲ್ಲ, ಅದನ್ನು ಕಂಡುಹಿಡಿದವರೇ ಈ ಮೆಕ್ನಿಕಾಫ್. ಆ ಕಾಲದಲ್ಲಿ ರಷ್ಯಾದಲ್ಲಿ ಯಹೂದಿಗಳ ಮನೆ, ಅಂಗಡಿಗಳ ಮೇಲೆ ಗುಂಪು ದಾಳಿಗಳು ನಡೆಯುತ್ತಿದ್ದವು. ತನ್ನವರನ್ನು ಕಾಯಲು ನಿಂತ ಯುವಕರಲ್ಲಿ ಹಾಫ್ಕಿನ್ ಕೂಡ ಒಬ್ಬರು. ಪೊಲೀಸರು ಹಿಡಿದರು; ಗುರುಗಳು ಬಿಡಿಸಿದರು. ಓದು ಮುಗಿಸಿದ ಮೇಲೆ ಒಂದು ಕೆಲಸ ಸಿಗುವುದರಲ್ಲಿತ್ತು, ಆದರೆ ಅದಕ್ಕೆ ತನ್ನ ಧರ್ಮ ಬಿಟ್ಟು ಕ್ರೈಸ್ತನಾಗಬೇಕಿತ್ತು. ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದರು, ಮರುವರ್ಷ ಪ್ಯಾರಿಸಿನ ಪಾಶ್ಚರ್ ಸಂಸ್ಥೆಗೆ. ಅಲ್ಲಿ ಖಾಲಿ ಇದ್ದದ್ದು ಗ್ರಂಥಾಲಯದ ಸಹಾಯಕನ ಕೆಲಸ ಮಾತ್ರ. ಅದನ್ನೇ ಮಾಡುತ್ತಾ ಬಿಡುವಿನಲ್ಲಿ ಪ್ರಯೋಗಶಾಲೆಯಲ್ಲಿ ಕೂರುತ್ತಿದ್ದರು. ನಮ್ಮ ಕಾಲೇಜಿನ ಲೈಬ್ರರಿ ಅಣ್ಣನಿಗೆ ಇದನ್ನು ಹೇಳಿದ್ದೇನೆ.

ಅವರು ಹಿಡಿದದ್ದು ಕಾಲರಾ ರೋಗಾಣುವನ್ನು. ಗಿನಿಯಿಲಿಗಳ ಮೈಯಲ್ಲಿ ಒಂದರಿಂದ ಒಂದಕ್ಕೆ 39 ಬಾರಿ ದಾಟಿಸಿ ಅದರ ಬಲ ಹೆಚ್ಚಿಸಿದರು. ಇನ್ನೊಂದು ಬಗೆಯನ್ನು ದುರ್ಬಲಗೊಳಿಸಿದರು. ಮೊದಲು ದುರ್ಬಲವಾದದ್ದನ್ನು, ಕೆಲವು ದಿನ ಬಿಟ್ಟು ಬಲವಾದದ್ದನ್ನು ಚುಚ್ಚಬೇಕು. ಪ್ರಾಣಿಗಳಲ್ಲಿ ಇದು ನಡೆಯಿತು. ಮನುಷ್ಯರಲ್ಲಿ? 1892ರ ಜುಲೈ 18ರಂದು ಹಾಫ್ಕಿನ್ ಅದನ್ನು ತನ್ನ ಮೈಗೇ ಚುಚ್ಚಿಕೊಂಡರು. ಜ್ವರ ಬಂತು, ಚುಚ್ಚಿದ ಕಡೆ ನೋವಾಯಿತು, ಕೆಲವು ದಿನಗಳಲ್ಲಿ ಇಳಿಯಿತು. ಆ ಹೊತ್ತಿನಲ್ಲಿ ರಷ್ಯಾದಲ್ಲಿ ಕಾಲರಾ ಹಬ್ಬಿತ್ತು. ತಾನು ಬಂದು ಲಸಿಕೆ ಹಾಕುತ್ತೇನೆಂದು ಕೇಳಿಕೊಂಡರೂ ತಾಯ್ನಾಡು ಬೇಡವೆಂದಿತು. ಪ್ಯಾರಿಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಮೊದಲು ಭಾರತದ ವೈಸ್‌ರಾಯ್ ಆಗಿದ್ದವರು. ಕಾಲರಾದ ತವರಿಗೇ ಹೋಗಿ ನೋಡು ಎಂದು ದಾರಿ ಮಾಡಿಕೊಟ್ಟರು. 1893ರ ಮಾರ್ಚಿನಲ್ಲಿ ಹಾಫ್ಕಿನ್ ಕಲ್ಕತ್ತಾಕ್ಕೆ ಬಂದಿಳಿದರು. ಅವರು ಎಂಬಿಬಿಎಸ್ ಓದಿದ ಡಾಕ್ಟರಲ್ಲ, ಬ್ರಿಟಿಷನೂ ಅಲ್ಲ. ಇಲ್ಲಿನ ಗೋರಾ ವೈದ್ಯಾಧಿಕಾರಿಗಳಲ್ಲಿ ಎಷ್ಟೋ ಜನ ಅವರನ್ನು ಕಡೆಗಣ್ಣಿನಿಂದಲೇ ನೋಡಿದರು.

ಹಜ್ ಮತ್ತು ಕಾಲರಾದ ಸಂಬಂಧ ಇಲ್ಲಿ ಹೇಳದಿದ್ದರೆ ದಾದಿಯ ಮೊದಲ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. 1865ರ ಹಜ್‌ನಲ್ಲಿ ಕಾಲರಾ ಬಿದ್ದು, ಬಂದಿದ್ದ ಸುಮಾರು 90,000 ಯಾತ್ರಿಕರಲ್ಲಿ 15,000 ಜನ ತೀರಿಕೊಂಡರೆಂದು ಲೆಕ್ಕ. ಉಳಿದವರು ಹಡಗು ಹತ್ತಿ ಊರಿಗೆ ಮರಳುವಾಗ ರೋಗವೂ ಹಡಗು ಹತ್ತಿತು, ಈಜಿಪ್ಟಿಗೆ, ಯುರೋಪಿಗೆ ಹೋಯಿತು. ಮರುವರ್ಷವೇ ಇಸ್ತಾಂಬುಲ್‌ನಲ್ಲಿ ದೇಶಗಳೆಲ್ಲ ಸಭೆ ಸೇರಿದವು. 1882ರಿಂದ ಹಿಂದೂಸ್ಥಾನದ ಹಾಜಿಗಳ ಹಡಗುಗಳನ್ನು ಕೆಂಪು ಸಮುದ್ರದ ಕಮರಾನ್ ಎಂಬ ಬೋಳು ದ್ವೀಪದಲ್ಲಿ ತಡೆದು, ದಿನಗಟ್ಟಲೆ ಕ್ವಾರಂಟೈನಿನಲ್ಲಿ ಇಟ್ಟು, ಆಮೇಲೆ ಜೆದ್ದಾಕ್ಕೆ ಬಿಡುತ್ತಿದ್ದರು. ಬಿಸಿಲು, ನೀರಿನ ತೊಂದರೆ, ಮೇಲೆ ಶುಲ್ಕ ಬೇರೆ. ನೂರು ವರ್ಷದ ಹಿಂದೆ ಸೂಜಿ ಇಲ್ಲದೆ ಹೋದವರ ಪಾಡು ಇದು. ಕಮರಾನಿನ ಕಥೆ ಕೇಳಿದ ರಾತ್ರಿ ದಾದಿ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಕಲ್ಕತ್ತಾದ ಕತ್ತಲ್ ಬಾಗಾನ್ ಎಂಬ ಬಸ್ತಿಯಲ್ಲಿ 1894ರ ಮಾರ್ಚಿನಲ್ಲಿ ಇಬ್ಬರು ಕಾಲರಾದಿಂದ ಸತ್ತರು. ಹಾಫ್ಕಿನ್ ಅಲ್ಲಿಗೆ ಹೋದರು. ಬಸ್ತಿಯ ಸುಮಾರು 200 ಜನರಲ್ಲಿ 116 ಮಂದಿ ಚುಚ್ಚಿಸಿಕೊಂಡರು. ಆಮೇಲೆ ಅಲ್ಲಿ ಇನ್ನೂ 10 ಜನರಿಗೆ ಕಾಲರಾ ಬಂತು, 7 ಜನ ಸತ್ತರು. ಹತ್ತೂ ಜನ ಚುಚ್ಚಿಸಿಕೊಳ್ಳದೆ ಉಳಿದವರು. ಒಂದೇ ಬಸ್ತಿ, ಒಂದೇ ಕೆರೆ ನೀರು, ಅರ್ಧ ಜನಕ್ಕೆ ಲಸಿಕೆ ಇದೆ, ಅರ್ಧ ಜನಕ್ಕಿಲ್ಲ. ಹೀಗೆ ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಬರೆಯುವುದು ಅವರ ಪದ್ಧತಿ. ಎರಡೂವರೆ ವರ್ಷದಲ್ಲಿ ಉತ್ತರ ಹಿಂದೂಸ್ಥಾನವನ್ನೆಲ್ಲ ಸುತ್ತಿ 42,000ದಷ್ಟು ಜನರಿಗೆ ಲಸಿಕೆ ಹಾಕಿದರು. ಯಾರನ್ನೂ ಹಿಡಿದು ಚುಚ್ಚಲಿಲ್ಲ. ಕೊನೆಗೆ ಅವರಿಗೇ ಮಲೇರಿಯಾ ಹಿಡಿದು ಯುರೋಪಿಗೆ ಮರಳಿದರು. ಚೇತರಿಸಿಕೊಂಡು 1896ರಲ್ಲಿ ಮತ್ತೆ ಬಂದರು.

ಬಂದ ಕೆಲವೇ ತಿಂಗಳಲ್ಲಿ ಮುಂಬಯಿಗೆ ಪ್ಲೇಗ್ ಬಂತು.

ಪ್ಲೇಗ್ ಎಂಬ ಮಾತು ನಮ್ಮ ಕಡೆಯ ಹಳಬರಿಗೆ ಹೊಸದಲ್ಲ. ದಾದಿಯ ತವರು ಕಂಪ್ಲಿ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಕದ ಹಾಕಿ, ಮಕ್ಕಳುಮರಿ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತಿದ್ದರು ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ತೊಡೆ ಸಂದಿನಲ್ಲೋ ಕಂಕುಳಲ್ಲೋ ಗಡ್ಡೆ ಏಳುವುದು, ಮೂರು ದಿನಕ್ಕೆ ಮುಗಿಯುವುದು. ಕಥೆಯ ಈ ಭಾಗವನ್ನು ನಾನು ಹೇಳಲಿಲ್ಲ, ದಾದಿಯೇ ನನಗೆ ಹೇಳಿದರು.

1896ರ ಅಕ್ಟೋಬರಿನಲ್ಲಿ ಸರ್ಕಾರ ಹಾಫ್ಕಿನ್ ಅವರನ್ನು ಮುಂಬಯಿಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಪ್ರಯೋಗಶಾಲೆ. ಸಹಾಯಕರಲ್ಲಿ ಕೆಲವರು ಹೆದರಿ ಬಿಟ್ಟುಹೋದರು. ಮೂರು ತಿಂಗಳು ಹಗಲು ರಾತ್ರಿ ದುಡಿದು ಲಸಿಕೆ ಮಾಡಿದರು. ಅದನ್ನು ಮಾಡುವ ವಿಧಾನ ಕೇಳಲು ದಾದಿ ಕಿವಿ ನಿಮಿರಿಸಿದರು, ಏಕೆಂದರೆ ಅವರ ಎರಡನೆಯ ಪ್ರಶ್ನೆ ಅದೇ. ಪ್ಲೇಗ್ ರೋಗಾಣುವನ್ನು ಮಾಂಸದ ಸಾರಿನಲ್ಲಿ ಬೆಳೆಸಬೇಕು. ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ದನದ ಮಾಂಸ ಬಳಸುತ್ತಿದ್ದರು. ಹಾಗೆ ಮಾಡಿದರೆ ಹಿಂದೂಗಳು ಮುಟ್ಟುವುದಿಲ್ಲ, ಹಂದಿಯದ್ದಾದರೆ ಮುಸ್ಲಿಮರು ಮುಟ್ಟುವುದಿಲ್ಲ ಎಂದು ಹಾಫ್ಕಿನ್ ಆಡಿನ ಮಾಂಸದ ಸಾರು ಮಾಡಿಸಿದರು. ಆ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ ರೋಗಾಣುಗಳು ಅದಕ್ಕೆ ಅಂಟಿಕೊಂಡು ಕೆಳಗೆ ಎಳೆ ಎಳೆಯಾಗಿ ಇಳಿಬೀಳುತ್ತಿದ್ದವು. ಹದವಾಗಿ ಬೆಳೆದ ಮೇಲೆ 65 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಕಾಯಿಸಿ ಅವನ್ನು ಕೊಲ್ಲುವುದು. ಸತ್ತ ರೋಗಾಣುವಿನ ಆ ದ್ರವವೇ ಲಸಿಕೆ. ತನ್ನ ಧರ್ಮದ ಕಾರಣಕ್ಕೆ ಕೆಲಸ ಕಳೆದುಕೊಂಡಿದ್ದ ಮನುಷ್ಯ ಬೇರೆಯವರ ಧರ್ಮದ ಬಗ್ಗೆ ಇಷ್ಟು ಯೋಚನೆ ಮಾಡಿದ್ದು ನನಗೆ ಬಹಳ ಹಿಡಿಸಿತು. ದಾದಿಗೆ ಮಾತ್ರ ತುಪ್ಪದ ಹನಿಯೇ ಹಿಡಿಸಿದ್ದು.

1897ರ ಜನವರಿ 10ರಂದು ಅವರು ಮತ್ತೆ ತನಗೇ ಚುಚ್ಚಿಕೊಂಡರು, ಮುಂದೆ ಜನರಿಗೆ ಕೊಟ್ಟದ್ದಕ್ಕಿಂತ ಎಷ್ಟೋ ಹೆಚ್ಚಿನ ಪ್ರಮಾಣವನ್ನು. ಜ್ವರ ಬಂತು, ಹೋಯಿತು. ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿತು. ಅಲ್ಲಿನ ಕೈದಿಗಳಲ್ಲಿ ಮುಂದೆ ಬಂದವರಿಗೆ ಲಸಿಕೆ ಹಾಕಿದರು. ಹಾಕಿಸಿಕೊಳ್ಳದವರಲ್ಲಿ 12 ಜನರಿಗೆ ರೋಗ ಬಂದು 6 ಜನ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂದರೂ ಯಾರೂ ಸಾಯಲಿಲ್ಲ. ಜೈಲಿನಲ್ಲಿರುವವನು ಬೇಡ ಎನ್ನಲು ನಿಜವಾಗಿ ಸ್ವತಂತ್ರನೇ ಎಂದು ತರಗತಿಯಲ್ಲಿ ನನ್ನ ಗೆಳತಿ ಕೇಳಿದಳು. ಅದು ಸರಿಯಾದ ಪ್ರಶ್ನೆ. ಇಂದಿನ ನಿಯಮಗಳ ಪ್ರಕಾರ ಅಂಥ ಪ್ರಯೋಗ ಅಷ್ಟು ಸುಲಭವಾಗಿ ನಡೆಯುವುದಿಲ್ಲ ಎಂದು ಮೇಡಂ ಹೇಳಿದರು.

ಹೊರಗೆ ಪರಿಸ್ಥಿತಿ ಬಿಗಡಾಯಿಸಿತ್ತು. ಯುರೋಪಿನ ದೇಶಗಳು ಮುಂಬಯಿಯ ಹಡಗುಗಳೆಂದರೆ ಬೆಚ್ಚಿಬೀಳುತ್ತಿದ್ದವು. ವೆನಿಸ್ ನಗರದಲ್ಲಿ ಪ್ಲೇಗಿಗೆಂದೇ ಅಂತರರಾಷ್ಟ್ರೀಯ ಸಭೆ ಸೇರಿತು. 1897ರ ಫೆಬ್ರವರಿಯಲ್ಲಿ ಸರ್ಕಾರ ಮುಂಬಯಿಯಿಂದ ಹಾಜಿಗಳು ಹೊರಡುವುದನ್ನೇ ನಿಲ್ಲಿಸಿತು. ಅದೇ ತಿಂಗಳ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಕೊರೊನಾ ಬಂದಾಗ ಸರ್ಕಾರ ಮೊದಲು ಬಳಸಿದ್ದೂ ಆ ಹಳೆಯ ಕಾಯ್ದೆಯನ್ನೇ. ದಾದಾನಂತೆ 123 ವರ್ಷ ಹಿಂದೆಯೂ ಯಾರೋ ಗಂಟುಮೂಟೆ ಕಟ್ಟಿಕೊಂಡು ಮುಂಬಯಿಯಲ್ಲಿ ಕಾಯುತ್ತಾ ಉಳಿದಿರಬೇಕು ಎಂದು ನನಗೆ ಅನ್ನಿಸಿತು.

ಕಾಯ್ದೆಯ ಬಲದಿಂದ ಸೈನಿಕರು ಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುತ್ತಿದ್ದರು, ಹೆಂಗಸರ ಮೈ ಮುಟ್ಟಿ ಪರೀಕ್ಷೆ ಮಾಡುತ್ತಿದ್ದರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಅವರ ಕೊಲೆಯಾಯಿತು. 1898ರ ಮಾರ್ಚಿನಲ್ಲಿ ಮುಂಬಯಿಯ ಮದನಪುರದಲ್ಲಿ ಮುಸ್ಲಿಂ ನೇಕಾರರ ಮನೆಯೊಂದರಲ್ಲಿ ಕಾಯಿಲೆ ಬಿದ್ದ ಹುಡುಗಿಯನ್ನು ಹುಡುಕಲು ಹೋದಾಗ ದೊಡ್ಡ ಗಲಭೆಯೇ ಆಯಿತು. ಇಂಥ ಹೊತ್ತಿನಲ್ಲಿ ಸರ್ಕಾರದವರು ಸೂಜಿ ಹಿಡಿದು ಬಂದರೆ ಯಾರು ನಂಬುತ್ತಾರೆ? ಸೂಜಿ ಚುಚ್ಚಿಸಿಕೊಂಡರೆ ಸಾಯುತ್ತಾರೆ, ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತು ಎಲ್ಲೆಲ್ಲೂ. ಕೊರೊನಾ ಲಸಿಕೆ ಬಂದಾಗ ನಮ್ಮ ಓಣಿಯಲ್ಲೂ ಇವೇ ಮಾತು ಓಡಾಡಿದ್ದು ನಿಮಗೆಲ್ಲ ನೆನಪಿರಬಹುದು.

ಆಗ ಹಾಫ್ಕಿನ್ ಅವರ ಜೊತೆ ನಿಂತವರು ಆಗಾ ಖಾನ್, ಸುಲ್ತಾನ್ ಮುಹಮ್ಮದ್ ಷಾ. ಖೋಜಾ ಮುಸ್ಲಿಮರ ಧರ್ಮಗುರು, ಆಗಿನ್ನೂ 20 ತುಂಬದ ಹುಡುಗ. ನಮಗಿಂತ ಎರಡು ವರ್ಷ ದೊಡ್ಡವರಷ್ಟೇ. ತಮ್ಮವರ ಮುಂದೆ ಬಹಿರಂಗವಾಗಿ ತಾವೇ ಚುಚ್ಚಿಸಿಕೊಂಡರು, ಒಂದಲ್ಲ, ಹಲವು ಬಾರಿ. ಪ್ರಯೋಗಶಾಲೆಗೆ ಜಾಗ ಸಾಲದಾದಾಗ ಖುಸ್ರು ಲಾಡ್ಜ್ ಎಂಬ ತಮ್ಮ ಬಂಗಲೆಯನ್ನು ಬಿಟ್ಟುಕೊಟ್ಟರು. ಮುಂಬಯಿಯ ಖೋಜಾಗಳಲ್ಲಿ ಸುಮಾರು ಅರ್ಧದಷ್ಟು ಜನ, ಹತ್ತು ಹನ್ನೆರಡು ಸಾವಿರ, ಲಸಿಕೆ ಹಾಕಿಸಿಕೊಂಡರು. ಯಹೂದಿ ವಿಜ್ಞಾನಿಯೊಬ್ಬ ಮುಸ್ಲಿಂ ಇಮಾಮರ ಬಂಗಲೆಯಲ್ಲಿ ಕೂತು ಹಿಂದೂ, ಮುಸ್ಲಿಂ, ಪಾರ್ಸಿ ಎಲ್ಲರಿಗೂ ಮದ್ದು ತಯಾರಿಸಿದ ಕಾಲವೊಂದಿತ್ತು.

ಇನ್ನು ನಮ್ಮ ಕಡೆಗೆ ಬರುತ್ತೇನೆ. ಹುಬ್ಬಳ್ಳಿಯಿಂದ ಹೊಸಪೇಟೆಗೆ ನಾವು ರೈಲಿನಲ್ಲಿ ಮೂರು ಗಂಟೆಯೊಳಗೆ ಬರುತ್ತೇವೆ. ಅಂದು ಅದೇ ಹಳಿಯ ಮೇಲೆ ಮೂರು ಸರ್ಕಾರಗಳಿದ್ದವು. ಹುಬ್ಬಳ್ಳಿ, ಗದಗ ಮುಂಬಯಿ ಪ್ರಾಂತ್ಯ. ಕೊಪ್ಪಳ ಹೈದರಾಬಾದಿನ ನಿಜಾಮರದ್ದು. ಹೊಸಪೇಟೆ, ಕಂಪ್ಲಿ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಪಕ್ಕದ ಸಂಡೂರು ಘೋರ್ಪಡೆ ರಾಜರ ಸಂಸ್ಥಾನ. ಕಂಪ್ಲಿಯವರು ತುಂಗಭದ್ರೆ ದಾಟಿ ಗಂಗಾವತಿ ಸಂತೆಗೆ ಹೋದರೆ ಪರರಾಜ್ಯಕ್ಕೆ ಹೋದಂತೆ. ಪ್ಲೇಗ್ ಕಾಲದಲ್ಲಿ ಮದ್ರಾಸು ಪ್ರಾಂತ್ಯ ಪ್ಲೇಗ್ ಪಾಸ್‌ಪೋರ್ಟ್ ಎಂಬ ಚೀಟಿ ತಂದಿತು. ರೋಗವಿದ್ದ ಊರಿನಿಂದ ರೈಲಿನಲ್ಲಿ ಬಂದವರು ಅದನ್ನು ಪಡೆದು, ಹೋದ ಊರಿನಲ್ಲಿ ಹತ್ತು ದಿನ ಅಧಿಕಾರಿಗೆ ಮುಖ ತೋರಿಸಬೇಕಿತ್ತು. ಇಂದು ವಿಮಾನ ನಿಲ್ದಾಣದಲ್ಲಿ ನಡೆಯುವ ತಪಾಸಣೆ ಅಂದು ನಮ್ಮ ರೈಲು ದಾರಿಯಲ್ಲೇ ನಡೆಯುತ್ತಿತ್ತು.

ಈ ತಡೆಗಳನ್ನೆಲ್ಲ ದಾಟಲು ಇನ್ನೊಂದು ಚೀಟಿಯೂ ಬಂತು. ಹಾಫ್ಕಿನ್ ಲಸಿಕೆ ಹಾಕಿಸಿಕೊಂಡವರಿಗೆ ಕೊಡುವ ಪ್ರಮಾಣಪತ್ರ. ಅದು ಕೈಯಲ್ಲಿದ್ದರೆ ಶಿಬಿರವಾಸ, ತಡೆ ಇವುಗಳಿಂದ ಕೆಲವು ತಿಂಗಳು ವಿನಾಯಿತಿ ಸಿಗುತ್ತಿತ್ತು. ದಾದಿಯ ಕಾರ್ಡಿನ ಮುತ್ತಜ್ಜ ಅದೇ ಚೀಟಿ ಎನ್ನಬಹುದು. ಹಾಗಾದರೆ ಇದೂ ಒಂದು ರೀತಿ ಬಲವಂತವೇ ಆಯಿತಲ್ಲ ಎಂದರೆ ಹೌದು, ಸ್ವಲ್ಪ ಹಾಗೇ. ಆದರೆ ಮನೆಗೆ ನುಗ್ಗುವ ಸೈನಿಕನಿಗಿಂತ ಚೀಟಿ ವಾಸಿ ಎಂದು ನನಗನಿಸುತ್ತದೆ.

ಈ ಲಸಿಕೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ನಿಂತ ಊರು ನಮ್ಮ ಹುಬ್ಬಳ್ಳಿ. ಸುಮಾರು 50,000 ಜನರಿದ್ದ ಪೇಟೆ. ರೈಲ್ವೆ ವರ್ಕ್‌ಶಾಪು, ಹತ್ತಿ ವ್ಯಾಪಾರ, ನಾಲ್ಕೂ ಕಡೆಯಿಂದ ಬಂದುಹೋಗುವ ಜನ. 1898ರಲ್ಲಿ ಅಲ್ಲಿ ಪ್ಲೇಗ್ ಜೋರಾದಾಗ ಲ್ಯೂಮನ್ ಎಂಬ ವೈದ್ಯರು ಬೇಸಿಗೆಯಿಂದ ಸೆಪ್ಟೆಂಬರಿನವರೆಗೆ 35,000ಕ್ಕೂ ಹೆಚ್ಚು ಜನರಿಗೆ ಚುಚ್ಚಿದರು. ಚುಚ್ಚಿಸಿಕೊಳ್ಳದವರಲ್ಲಿ ಸಾವು ಎಷ್ಟೋ ಪಟ್ಟು ಹೆಚ್ಚಿತ್ತು. ಆ ಲೆಕ್ಕವನ್ನು ಹಾಫ್ಕಿನ್ ಲಂಡನ್ನಿನ ವಿಜ್ಞಾನಿಗಳವರೆಗೆ ಕೊಂಡೊಯ್ದರು. ಲಸಿಕೆ ಪೂರ್ತಿ ರಕ್ಷಣೆ ಕೊಡುತ್ತಿರಲಿಲ್ಲ, ಕೈ ಬಾತು ಎರಡು ದಿನ ಜ್ವರ ಬರುತ್ತಿತ್ತು, ಕೆಲವು ತಿಂಗಳಾದ ಮೇಲೆ ಮತ್ತೆ ಹಾಕಿಸಬೇಕಿತ್ತು. ಅವರು ಇದನ್ನೂ ಮುಚ್ಚಿಡಲಿಲ್ಲ.

1899ರ ಆಗಸ್ಟಿನಲ್ಲಿ ಮುಂಬಯಿಯ ಪರೇಲಿನಲ್ಲಿದ್ದ ಹಳೆಯ ಗವರ್ನರ್ ಬಂಗಲೆಯೇ ಅವರ ಪ್ರಯೋಗಶಾಲೆಯಾಯಿತು. ರಾಣಿಯ ಸರ್ಕಾರ ಬಿರುದು ಕೊಟ್ಟಿತ್ತು. ಎಲ್ಲವೂ ಸರಿಹೋಯಿತು ಎನ್ನುವಾಗ ಬಿತ್ತು ನೋಡಿ ಪೆಟ್ಟು.

1902ರ ಅಕ್ಟೋಬರ್ 30. ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ವಾರದೊಳಗೆ ಅವರಲ್ಲಿ 19 ಜನರಿಗೆ ಧನುರ್ವಾಯು ಹಿಡಿದು, ಎಲ್ಲರೂ ಸತ್ತರು. ಹತ್ತೊಂಬತ್ತು ಜನರಿಗೂ ಚುಚ್ಚಿದ್ದು 53-ಎನ್ ಎಂಬ ಒಂದೇ ಬಾಟಲಿಯಿಂದ. ಬೇರೆ ಬಾಟಲಿಗಳಿಂದ ಚುಚ್ಚಿಸಿಕೊಂಡ 88 ಜನರಿಗೆ ಏನೂ ಆಗಲಿಲ್ಲ. ವಿಚಾರಣಾ ಸಮಿತಿ ಕೂತಿತು. ಬಾಟಲಿ ಮುಂಬಯಿಯ ಪ್ರಯೋಗಶಾಲೆಯಲ್ಲೇ ಕೆಟ್ಟಿತ್ತು ಎಂಬ ತೀರ್ಮಾನದ ಕಡೆ ವಾಲಿತು. ಹೆಚ್ಚು ಲಸಿಕೆ ಬೇಗ ತಯಾರಿಸಲು ಹಾಫ್ಕಿನ್ ಕಾರ್ಬಾಲಿಕ್ ಆಮ್ಲ ಬಿಟ್ಟು ಕೇವಲ ಶಾಖವನ್ನು ನಂಬಿದ್ದರು; ಅದನ್ನೇ ತಪ್ಪೆಂದು ಎಣಿಸಿದರು. ನಿರ್ದೇಶಕನ ಕೆಲಸ ಹೋಯಿತು, ಸಂಬಳವೂ ನಿಂತಿತು. 1904ರಲ್ಲಿ ಅವರು ಲಂಡನ್ನಿಗೆ ಹೋದರು.

ನಿಜ ಬೇರೆಯೇ ಇತ್ತು. ಹಳ್ಳಿಯಲ್ಲಿ ಆ ಬಾಟಲಿಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ಕೆಳಗೆ ಬಿದ್ದಿತ್ತು. ಬೆಂಕಿಯಲ್ಲಿ ಕಾಯಿಸುವ ಬದಲು ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಅದರಿಂದಲೇ ಬಿರಡೆ ತೆಗೆದಿದ್ದ. ಧನುರ್ವಾಯುವಿನ ಬೀಜಕಣ ಇರುವುದೇ ಮಣ್ಣಿನಲ್ಲಿ. ಇನ್ನೊಂದು ಸಾಕ್ಷಿ ವಾಸನೆ. ಮುಂಬಯಿಯಲ್ಲೇ ಆ ರೋಗಾಣು ಒಳಗೆ ಹೋಗಿದ್ದರೆ ವಾರಗಟ್ಟಲೆ ಬೆಳೆದು ಬಾಟಲಿ ಗಬ್ಬೆಂದು ನಾರಬೇಕಿತ್ತು. ತೆರೆದಾಗ ಯಾವ ದುರ್ವಾಸನೆಯೂ ಇರಲಿಲ್ಲ. ಈ ದಾಖಲೆಗಳು ಹೊರಬರಲು ನಾಲ್ಕು ವರ್ಷ ಹಿಡಿಯಿತು. ಮಲೇರಿಯಾ ಸೊಳ್ಳೆಯ ಗುಟ್ಟು ಕಂಡುಹಿಡಿದ ರೊನಾಲ್ಡ್ ರಾಸ್ ಮುಂದೆ ನಿಂತು, ಇನ್ನೂ ಒಂಬತ್ತು ವಿಜ್ಞಾನಿಗಳ ಸಹಿ ಸೇರಿಸಿ, 1907ರ ಜುಲೈನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಅದೇ ವರ್ಷದ ಕೊನೆಗೆ ಹಾಫ್ಕಿನ್ ನಿರ್ದೋಷಿ ಎಂದು ಸರ್ಕಾರ ಒಪ್ಪಿತು. ಫ್ರಾನ್ಸಿನಲ್ಲಿ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಯನ್ನು ಮಾಡದ ತಪ್ಪಿಗೆ ಶಿಕ್ಷಿಸಿದ್ದ ಕಾಲ ಅದು. ಇದೂ ಅಂಥದ್ದೇ ಎಂದು ಜನ ಆಡಿಕೊಂಡರು.

ಅವರು ಮತ್ತೆ ಭಾರತಕ್ಕೆ ಬಂದರು. ಪರೇಲಿನ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರಿಂದ ಕಲ್ಕತ್ತಾದಲ್ಲಿ ಚಿಕ್ಕದೊಂದು ಕೆಲಸ ಕೊಟ್ಟರು. ಹೊಸ ಲಸಿಕೆಗಳನ್ನು ಜನರ ಮೇಲೆ ಪರೀಕ್ಷಿಸಲು ಬಿಡಲಿಲ್ಲ. 55ರ ಸುಮಾರಿಗೆ ನಿವೃತ್ತರಾಗಿ ಯುರೋಪಿಗೆ ಮರಳಿದರು. ಮದುವೆಯಾಗಲಿಲ್ಲ. ಕೊನೆಯ ವರ್ಷಗಳಲ್ಲಿ ತಮ್ಮ ಧರ್ಮಾಚರಣೆಯಲ್ಲಿ ಮುಳುಗಿ, ಗಳಿಸಿದ್ದನ್ನೆಲ್ಲ ಪೂರ್ವ ಯುರೋಪಿನ ಯಹೂದಿ ಧಾರ್ಮಿಕ ಶಾಲೆಗಳಿಗೆ ಬರೆದಿಟ್ಟರು. 1925ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟರು. ಅದು ಇಂದಿಗೂ ಇದೆ. ಅಷ್ಟು ಹೊತ್ತಿಗೆ ಅಲ್ಲಿಂದ 2 ಕೋಟಿ 60 ಲಕ್ಷ ಡೋಸು ಪ್ಲೇಗ್ ಲಸಿಕೆ ಹೊರಹೋಗಿತ್ತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೌಸಾನ್‌ನಲ್ಲಿ ತೀರಿಕೊಂಡರು. 1964ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು.

ಅವರ ಕಾಲದ ಚೀಟಿಗಳು ಈಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನಿಯಮಗಳಿಂದ ಕಾಲರಾ ಪ್ರಮಾಣಪತ್ರ 1973ರಲ್ಲಿ ಹೋಯಿತು. ಸಿಡುಬೇ ಇಲ್ಲವಾದ ಮೇಲೆ ಅದರ ಪತ್ರವೂ ಹೋಯಿತು. ಹಜ್‌ಗೆ ಮೆನಿಂಜೈಟಿಸ್ ಸೇರಿದ್ದಕ್ಕೂ ಕಾರಣವಿದೆ. 2000 ಮತ್ತು 2001ರ ಹಜ್ ಮುಗಿಸಿ ಮರಳಿದವರಲ್ಲಿ ಡಬ್ಲ್ಯೂ-135 ಎಂಬ ಬಗೆಯ ಮೆನಿಂಜೈಟಿಸ್ ಕಾಣಿಸಿತು. ಹಜ್‌ಗೆ ಹೋಗದೆ ಮನೆಯಲ್ಲೇ ಇದ್ದವರಿಗೂ, ಮಕ್ಕಳಿಗೂ ತಗುಲಿತು. ಆಮೇಲೆ ನಾಲ್ಕು ಬಗೆಗೂ ರಕ್ಷಣೆ ಕೊಡುವ ಲಸಿಕೆಯನ್ನು ಸೌದಿ ಸರ್ಕಾರ ಕಡ್ಡಾಯ ಮಾಡಿತು. ಅಲ್ಲಿ ಇಳಿಯುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು. ರೋಗಾಣುವಿನ ಹೊರಕವಚದ ಸಕ್ಕರೆಯಂಥ ಅಂಶದಿಂದ ಅದನ್ನು ಮಾಡುತ್ತಾರೆ.

ದಾದಿಯ ಮನಸ್ಸು ತಿರುಗಿದ್ದು ಈ ಕೊನೆಯ ಮಾತಿಗೆ ಇರಬೇಕು, ಮನೆಯಲ್ಲಿದ್ದ ಮಕ್ಕಳಿಗೂ ತಗುಲಿತು ಎಂಬುದಕ್ಕೆ. ನನ್ನ ತಂಗಿಗೆ ಆಗ ಆರು ವರ್ಷ, ದಾದಿಯ ಪಕ್ಕದಲ್ಲೇ ಮಲಗುತ್ತಾಳೆ. ಜ್ವರ ಬಂದರೂ ಹತ್ತು ದಿನ ಮುಂಚೆಯೇ ಬಂದು ಹೋಗಿರುತ್ತದೆ ಎಂದು ಅಬ್ಬಾ ಕ್ಯಾಲೆಂಡರ್ ತೋರಿಸಿ ಲೆಕ್ಕ ಹಾಕಿಕೊಟ್ಟರು. ಮಸೀದಿಯ ಇಮಾಮ್ ಸಾಹೇಬರನ್ನೂ ಕೇಳಿದೆವು. ಜೀವ ಕಾಯುವುದು ಫರ್ಜ್, ಹಾಕಿಸಿಕೊಳ್ಳಲಿ ಎಂದರು.

ಶಿಬಿರದ ದಿನ ನಾನೂ ಜೊತೆಗೆ ಹೋಗಿದ್ದೆ. ಸರದಿಯಲ್ಲಿ ಕೂತಿದ್ದಾಗ ದಾದಿ, ಇಕ್ಕಳ ಬೀಳಿಸಿದವನಿಗೆ ಆಮೇಲೆ ಏನಾಯಿತು ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಹೆಸರು ಕರೆದರು. ನರ್ಸಮ್ಮ ಹೊಸ ಸಿರಿಂಜಿನ ಕವರನ್ನು ದಾದಿಯ ಕಣ್ಣೆದುರೇ ಹರಿದರು. ದಾದಿ ಅದನ್ನೇ ನೋಡುತ್ತಾ, ಬುರ್ಖಾದ ತೋಳು ಮೇಲೆ ಸರಿಸಿ, ಬಿಸ್ಮಿಲ್ಲಾ ಎಂದು ಕೈ ಚಾಚಿದರು. ರಾತ್ರಿ ಸ್ವಲ್ಪ ತೋಳು ನೋವು, ಬೆಳಿಗ್ಗೆ ಫಜರ್ ನಮಾಜಿಗೆ ನನಗಿಂತ ಮುಂಚೆಯೇ ಎದ್ದಿದ್ದರು. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಟ್ರಂಕ್ ತೆರೆದು, ದಾದಾನ ಬಿಳಿ ಬಟ್ಟೆಯ ಮೇಲಿಟ್ಟರು. ಹೊರಡುವ ದಿನ ಆ ಬಟ್ಟೆಯನ್ನು ಅಬ್ಬಾನ ಕೈಗೆ ಕೊಟ್ಟರು.